ಸ್ಯಾಕ್ಸೊಫೋನಿನ ಅಂಟುವ ಮೆತ್ತೆ

ಅಡಾಲ್ಫ್ ಸ್ಯಾಕ್ಸನು 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟು ಪಡೆದ ವಾದ್ಯವೇ ಸ್ಯಾಕ್ಸೊಫೋನು. ಅದರ ಸ್ವರರಂಧ್ರಗಳನ್ನು ತೊಗಲು ಹೊದಿಸಿದ ಮೆತ್ತೆಗಳು ಮುಚ್ಚುತ್ತವೆ. ಹಳೆಯ ವಾದ್ಯವನ್ನು ಕೊಂಡವರಿಗೆ ಜಿ-ಶಾರ್ಪ್ ಸ್ವರವೇ ಮೊದಲು ಕೈಕೊಡುವುದುಂಟು. ಕೀಲಿಯನ್ನೊತ್ತಿದರೂ ಮೆತ್ತೆ ಏಳದು. ವಾದ್ಯವೇ ಕೆಟ್ಟಿತೆಂದು ನಿರಾಶರಾಗಬೇಕಿಲ್ಲ.

ಮುಚ್ಚಿರುವ ಇತರ ಮೆತ್ತೆಗಳನ್ನು ಸಾಮಾನ್ಯವಾಗಿ ಬೆರಳಿನ ಬಲವೇ ಎತ್ತುತ್ತದೆ. ಇಲ್ಲಿಯಾದರೋ ಬೆರಳು ಮೆತ್ತೆಯನ್ನು ಅದುಮಿದ್ದ ಬಲವಾದ ಸ್ಪ್ರಿಂಗಿನ ಒತ್ತಡವನ್ನು ತೆಗೆಯುತ್ತದೆ, ಅಷ್ಟೆ. ಎತ್ತುವ ಕೆಲಸ ದುರ್ಬಲವಾದ ಇನ್ನೊಂದು ಸ್ಪ್ರಿಂಗಿನದು. ಜೊಲ್ಲಿನೊಡನೆ ಬಂದ ಸಕ್ಕರೆಯು ರಂಧ್ರದ ಅಂಚಿನಲ್ಲಿ ಒಣಗಿ ಅಂಟಾದರೆ ಅದು ಸೋಲುತ್ತದೆ.

ಆದುದರಿಂದ ಸ್ಪ್ರಿಂಗನ್ನು ಬಾಗಿಸುವ ಮೊದಲು ಮೆತ್ತೆಯನ್ನೂ ಅಂಚನ್ನೂ ಆಲ್ಕೊಹಾಲು ಸೋಕಿಸಿದ ಬಟ್ಟೆಯಿಂದ ಮೃದುವಾಗಿ ಒರಸಿ ಒಣಗಲು ಬಿಡಬೇಕು. ಪುಡಿ ಉದುರಿಸಬಾರದು, ಅದು ತೇವದೊಡನೆ ಬೆರೆತು ಗಟ್ಟಿಯಾಗುತ್ತದೆ. ತೊಗಲು ಹರಿದಿದ್ದರೆ ಹೊಸ ಮೆತ್ತೆ ಬೇಕು. ಸಿಹಿ ತಿಂದವರು ನುಡಿಸುವ ಮುನ್ನ ಬಾಯಿ ಮುಕ್ಕಳಿಸಿದರೆ ಅಂಟು ಮರಳಿ ಕೂಡುವುದು ನಿಧಾನವಾಗುತ್ತದೆ.