ಹಳೆಯ ಸ್ಪೀಕರಿಗೆ ಮರಳಿ ದನಿ

ಹಿರಿಯರು ಕೊಂಡ ಸ್ಟೀರಿಯೋ ಸ್ಪೀಕರು ಗೊಗ್ಗರು ದನಿಯಲ್ಲಿ ಹಾಡತೊಡಗಿದರೆ ಅದನ್ನು ಗುಜರಿಗೆ ಕೊಡುವವರೇ ಹೆಚ್ಚು. ಆದರೆ ಕೆಟ್ಟಿರುವುದು ಅನೇಕವೇಳೆ ಒಂದು ಅಂಚು ಮಾತ್ರವೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು.

ಅಮೆರಿಕದ ಎಡ್ಗರ್ ವಿಲ್ಚರರು 1954ರಲ್ಲಿ ಹೊರತಂದ ಸ್ಪೀಕರಿನಲ್ಲಿ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೆಲಸಮಾಡಿ ಕಾಗದದ ಶಂಕುವನ್ನು ಸ್ವಸ್ಥಾನಕ್ಕೆ ತರುತ್ತಿತ್ತು. ಅದರಿಂದ ಸಣ್ಣ ಪೆಟ್ಟಿಗೆಯೂ ತಗ್ಗಿದ ನಾದವನ್ನು, ಮೃದಂಗದ ಎಡಮುಖದ ಗುಂಕಾರದಂಥದನ್ನು, ತುಂಬಿ ನುಡಿಯಬಲ್ಲುದಾಯಿತು. ಮುಂದೆ ಅನೇಕ ತಯಾರಕರು ಶಂಕುವಿನ ಅಂಚಿಗೆ ಪಾಲಿಯುರಿಥೇನ್ ಫೋಮನ್ನು ಬಳಸಿದರು. ಇದು ಬಾರಿಸದೆ ಇಟ್ಟರೂ ತೇವದ ಗಾಳಿಗೆ ಕೊಳೆತು, ಹದಿನೈದಿಪ್ಪತ್ತು ವರ್ಷಗಳಲ್ಲಿ ಪುಡಿಯಾಗುವುದು. ಬಟ್ಟೆಯ ಅಂಚೇ ಮೇಲಾಗಿತ್ತೆಂದು ತೋರುತ್ತದೆ!

ದುರಸ್ತಿಗೆ ಹಳೆಯ ಫೋಮನ್ನೂ ಅಂಟನ್ನೂ ಕೆರೆದು, ಅದೇ ಅಳತೆಯ ಹೊಸ ಅಂಚನ್ನು ಅಂಟಿಸಬೇಕು. ಕಷ್ಟವಿರುವುದು ಇಲ್ಲಿಯೇ: ಶಂಕುವಿನ ಬುಡದ ತಂತಿಯ ಸುರುಳಿಯು ಅಯಸ್ಕಾಂತದ ಕಿರಿದಾದ ಸಂದಿನ ನಟ್ಟನಡುವೆ ನಿಲ್ಲಬೇಕು. ಬಲ್ಲವರು ನಡುವಿನ ಟೊಪ್ಪಿಯನ್ನು ಬಿಡಿಸಿ, ಸುತ್ತಲೂ ತೆಳು ಕಾಗದದ ಪಟ್ಟಿಗಳನ್ನು ಸಿಕ್ಕಿಸಿ, ಅಂಟು ಒಣಗಿದ ಮೇಲೆ ತೆಗೆಯುವರು. ಶಂಕುವನ್ನು ಬೆರಳುಗಳಿಂದ ಸಮನಾಗಿ ಒತ್ತಿದಾಗ ಉಜ್ಜುವ ಸದ್ದು ಬಂದರೆ ಸುರುಳಿ ಓರೆಯಾಗಿದೆಯೆಂದು ತಿಳಿಯಬೇಕು.

ಜೋಡಿಸುವಾಗ ಎರಡೂ ಸ್ಪೀಕರುಗಳ ಧನ, ಋಣ ತಂತಿಗಳು ಒಂದೇ ಕ್ರಮದಲ್ಲಿರಲಿ. ಒಂದರಲ್ಲಿ ಅದಲುಬದಲಾದರೆ ಒಂದು ಶಂಕು ಮುಂಬರುವಾಗ ಇನ್ನೊಂದು ಹಿಂಜರಿದು, ಕಷ್ಟಪಟ್ಟು ಮರಳಿ ಪಡೆದ ಗುಂಕಾರವೇ ಅಡಗಿಹೋಗುವುದು.