ಬ್ಯಾಟರಿ ಇಲ್ಲದ ಬಿಲ್ಲೆಯ ಬಲ

ನಮ್ಮ ಮೆಟ್ರೊ ಕೌಂಟರಿನಲ್ಲಿ ಕೈಗಿಡುವ ಪ್ಲಾಸ್ಟಿಕ್ ಟೋಕನ್ನನ್ನು ಒಮ್ಮೆ ತಿರುಗಿಸಿ ನೋಡಿ. ಕೇರಂ ಕಾಯಿಯಷ್ಟು ಅಗಲದ ಬಿಲ್ಲೆ. ಒಳಗೆ ಸೆಲ್ ಇಲ್ಲ, ಸಿಮ್ ಇಲ್ಲ. ಆದರೂ ಗೇಟಿಗೆ ಹಿಡಿದೊಡನೆ ಅದು ತನ್ನ ಗುರುತು ಹೇಳಿ ನಮಗೆ ದಾರಿ ಬಿಡಿಸುತ್ತದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಎಂ.ಜಿ. ರಸ್ತೆಗೂ ನಡುವೆ ಮೊದಲ ರೈಲು ಓಡಿದಂದಿನಿಂದ ಬೆಂಗಳೂರಿನವರು ಹೀಗೆ ಮುಟ್ಟಿಸಿ ಒಳಹೋಗುತ್ತಿದ್ದಾರೆ. ಟ್ಯಾಪ್ ಮಾಡುವುದಕ್ಕೆ ಸ್ಮಾರ್ಟ್‌ಫೋನ್ ಬೇಕೇ ಬೇಕು ಎಂಬ ಭಾವನೆ ಈಚೆಗೆ ಬಂದದ್ದು.

ಹಾಗಾದರೆ ಬಿಲ್ಲೆಗೆ ಕರೆಂಟು ಎಲ್ಲಿಂದ? ತಂತಿಯ ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡರು. ಗೇಟಿನೊಳಗಿನ ಸುರುಳಿ 13.56 ಮೆಗಾಹರ್ಟ್ಸ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಆವರ್ತಗಳಂತೆ ಬದಲಾಗುವ ಕ್ಷೇತ್ರವನ್ನು ಚೆಲ್ಲುತ್ತಿರುತ್ತದೆ. ಟೋಕನ್ನಿನಲ್ಲಾಗಲಿ, ಬ್ಯಾಂಕಿನ ಟ್ಯಾಪ್ ಕಾರ್ಡಿನಲ್ಲಾಗಲಿ ಕೆಲವು ಸುತ್ತು ತೆಳು ತಂತಿ ಇರುತ್ತದೆ. ನಾಲ್ಕಾರು ಸೆಂಟಿಮೀಟರ್ ಹತ್ತಿರ ಬಂದರೆ ಆ ತಂತಿಯಲ್ಲಿ ಹುಟ್ಟುವ ಅಲ್ಪ ವಿದ್ಯುತ್ತೇ ಚಿಪ್ಪನ್ನು ಎಬ್ಬಿಸಲು ಸಾಕು.

ಚಿಪ್ಪು ಉತ್ತರ ಕೊಡುವ ಬಗೆ ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ. ಅದಕ್ಕೆ ತನ್ನದೇ ರೇಡಿಯೊ ಅಲೆ ಹೊರಡಿಸುವ ತ್ರಾಣವಿಲ್ಲ. ತಾನು ಎಳೆದುಕೊಳ್ಳುವ ವಿದ್ಯುತ್ತನ್ನೇ ಕ್ಷಣಕ್ಕೊಮ್ಮೆ ಹೆಚ್ಚು ಕಡಿಮೆ ಮಾಡುತ್ತದೆ. ಬಾವಿಯೊಳಗಿನ ಕೊಡ ತುಂಬಿದ್ದು ಕಣ್ಣಿಗೆ ಕಾಣದಿದ್ದರೂ ಹಗ್ಗ ಹಿಡಿದ ಕೈಗೆ ತಿಳಿಯುತ್ತದಲ್ಲ, ಗೇಟಿನ ಸುರುಳಿಯೂ ಹಾಗೆಯೇ ಭಾರದ ಏರಿಳಿತವನ್ನು ಗ್ರಹಿಸಿ ಅದನ್ನು ಸೊನ್ನೆ ಒಂದುಗಳಾಗಿ ಓದಿಕೊಳ್ಳುತ್ತದೆ.

ಬ್ಯಾಂಕ್ ಕಾರ್ಡಿನ ಚಿಪ್ಪಿನಲ್ಲಿ ಇದರ ಜೊತೆಗೆ ಒಂದು ಗುಟ್ಟಿನ ಕೀಲಿ ಇರುತ್ತದೆ. ಅದು ಚಿಪ್ಪು ಬಿಟ್ಟು ಆಚೆ ಬರುವುದೇ ಇಲ್ಲ. ಅಂಗಡಿಯ ಯಂತ್ರ ಹಣದ ಮೊತ್ತವನ್ನೂ ಊಹಿಸಲಾಗದ ಒಂದು ಸಂಖ್ಯೆಯನ್ನೂ ಕಳಿಸಿದರೆ, ಚಿಪ್ಪು ಅವಕ್ಕೆ ತನ್ನ ವಹಿವಾಟಿನ ಎಣಿಕೆಯನ್ನು ಸೇರಿಸಿ, ಕೀಲಿಯಿಂದ ಲೆಕ್ಕ ಹಾಕಿ ಒಂದು ಮುದ್ರೆ ಒತ್ತಿಕೊಡುತ್ತದೆ. ಯಾರಾದರೂ ಅದನ್ನು ಕದ್ದು ಕೇಳಿಸಿಕೊಂಡರೂ ಮುಂದಿನ ಸಲಕ್ಕೆ ಎಣಿಕೆ ಬದಲಾಗಿರುತ್ತದೆ, ಹಳೆಯ ಮುದ್ರೆ ನಡೆಯುವುದಿಲ್ಲ.

ಫೋನಿನಲ್ಲಿ ಟ್ಯಾಪ್ ಮಾಡುವಾಗ ಫೋನು ಇದೇ ಕಾರ್ಡಿನ ವೇಷ ಹಾಕುತ್ತದೆ, ಅಷ್ಟೆ. ಆ ವೇಷಕ್ಕೆ ಅಪ್ಪಣೆ ಯಾರದು ಎಂಬಲ್ಲಿ ತೊಡಕು ಶುರುವಾಗುತ್ತದೆ. 2014ರಲ್ಲಿ ಆಪಲ್ ಪೇ ಬಂದಾಗಿನಿಂದ ಐಫೋನಿನ ಟ್ಯಾಪ್ ಆಂಟೆನಾವನ್ನು ಅಂಗಡಿ ಪಾವತಿಗೆ ಬಳಸುವ ಅವಕಾಶ ಬೇರೆ ವ್ಯಾಲೆಟ್‌ಗಳಿಗೆ ಇರಲಿಲ್ಲ. ಯುರೋಪಿಯನ್ ಕಮಿಷನ್ 2020ರಲ್ಲಿ ತನಿಖೆ ತೆರೆಯಿತು. 2024ರ ಜುಲೈನಲ್ಲಿ ಆಪಲ್, ಯುರೋಪಿನ ಆರ್ಥಿಕ ವಲಯದಲ್ಲಿ 10 ವರ್ಷ ಉಚಿತವಾಗಿ ಬಾಗಿಲು ತೆರೆಯಲು ಕಟ್ಟುಬಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾರ್ವೆಯ ಪಾವತಿ ಆ್ಯಪ್ ವಿಪ್ಸ್ ತನ್ನ ಸ್ವಂತ ಟ್ಯಾಪ್ ಪಾವತಿಯನ್ನು ಐಫೋನಿಗೆ ತಂದಿತು. ಆಂಡ್ರಾಯ್ಡ್ 2013ರಿಂದಲೇ ಯಾವ ಆ್ಯಪ್ ಬೇಕಾದರೂ ಕಾರ್ಡಿನಂತೆ ವರ್ತಿಸಲು ಬಿಟ್ಟಿದೆ. ಆದರೆ ಖಾಸಗಿತನಕ್ಕಾಗಿ ಗ್ರಾಫೀನ್‌ಓಎಸ್‌ನಂಥ ಬೇರೆ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡವರ ಫೋನಿನಲ್ಲಿ ಗೂಗಲ್‌ನ ಟ್ಯಾಪ್ ಪಾವತಿ ನಡೆಯದು. ಅದಕ್ಕೆ ಫೋನಿನಲ್ಲಿ ಗೂಗಲ್ ಪ್ರಮಾಣೀಕರಿಸಿದ ವ್ಯವಸ್ಥೆಯೇ ಇರಬೇಕು. ದುಡ್ಡು ನಮ್ಮದು, ಫೋನು ನಮ್ಮದು, ಒಪ್ಪಿಗೆ ಮಾತ್ರ ಇನ್ನೊಬ್ಬರದು. ಇದು ನನಗೆ ಸರಿ ಎನಿಸುವುದಿಲ್ಲ.

ನಮ್ಮಲ್ಲಿ ಯುಪಿಐ ಜಾಲ ರಾಷ್ಟ್ರೀಯ ಪಾವತಿ ನಿಗಮದ್ದು. ಹಾಗಿದ್ದೂ ವಹಿವಾಟಿನ ಸುಮಾರು ಐದರಲ್ಲಿ ನಾಲ್ಕು ಪಾಲು ಫೋನ್‌ಪೇ, ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳ ಮೂಲಕ ಹಾದುಹೋಗುತ್ತಿದೆ. ಒಂದು ಆ್ಯಪಿಗೆ ಶೇ 30ರ ಮಿತಿಯನ್ನು ನಿಗಮ 2020ರಲ್ಲೇ ಹಾಕಿತ್ತು. ಅದನ್ನು ಪಾಲಿಸುವ ಗಡುವು 2026ರ ಕೊನೆಗೆ ಹೋಗಿದೆ.

ಆದ್ದರಿಂದಲೇ ಕಾರ್ಡಿನ ಹಳೆಯ ದಾರಿ ಮುಚ್ಚಿಹೋಗಬಾರದು. 2019ರ ಮಾರ್ಚಿನಲ್ಲಿ ಬಿಡುಗಡೆಯಾದ ರುಪೇ ರಾಷ್ಟ್ರೀಯ ಮೊಬಿಲಿಟಿ ಕಾರ್ಡ್ 2023ರಿಂದ ನಮ್ಮ ಮೆಟ್ರೊದಲ್ಲೂ ಸಿಗುತ್ತಿದೆ. ಇದರ ವಿಶೇಷವೆಂದರೆ ಪ್ರಯಾಣದ ಹಣದ ಲೆಕ್ಕ ಚಿಪ್ಪಿನಲ್ಲೇ ಕೂತಿರುತ್ತದೆ. ಬೆಳಗಿನ ನೂಕುನುಗ್ಗಲಲ್ಲಿ ಬ್ಯಾಂಕಿನ ಸರ್ವರನ್ನು ಕೇಳುತ್ತ ನಿಲ್ಲಲು ಗೇಟಿಗೆ ಪುರುಸೊತ್ತಿಲ್ಲ. ಸ್ಥಳದಲ್ಲೇ ಕಳೆದು ದಾರಿ ಬಿಡುತ್ತದೆ, ಬ್ಯಾಂಕಿನ ಜೊತೆ ಲೆಕ್ಕ ಆಮೇಲೆ. ಅಂಗಡಿಗೆ ಬೇಕಾದರೆ ಸಾಮಾನ್ಯ ಟ್ಯಾಪ್ ಕಾರ್ಡೂ ಇದೆ. 2021ರ ಜನವರಿಯಿಂದ 5,000 ರೂಪಾಯಿವರೆಗೆ ಪಿನ್ ಒತ್ತದೆ ಪಾವತಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಉಂಗುರ, ಕೈಗಡಿಯಾರಗಳಲ್ಲೂ ಇದೇ ಚಿಪ್ಪು ಕೂರುತ್ತದೆ.

ಮೊಬಿಲಿಟಿ ಕಾರ್ಡಿನಲ್ಲಿ ಎರಡು ತೊಡಕುಗಳಿವೆ. ಗೇಟಿನಲ್ಲಿ ಪಿನ್ ಕೇಳುವುದಿಲ್ಲವಾದ್ದರಿಂದ ಕಾರ್ಡು ಕಳೆದರೆ ಚಿಪ್ಪಿನ ಹಣ ಕೈತಪ್ಪಿದ ನೋಟಿನಂತೆಯೇ. ಹೆಚ್ಚು ತುಂಬಿಸಿಡಬೇಡಿ. ಇನ್ನೊಂದು, ಆನ್‌ಲೈನಿನಲ್ಲಿ ಹಣ ಹಾಕಿದರೂ ಅದು ತಾನಾಗಿ ಚಿಪ್ಪಿಗೆ ಇಳಿಯುವುದಿಲ್ಲ. ಬ್ಯಾಟರಿಯಿಲ್ಲದ ಆ ಚಿಪ್ಪಿಗೆ ಯಾವುದಾದರೂ ಯಂತ್ರದ ಕಾಂತಕ್ಷೇತ್ರ ತಾಗಿದಾಗ ಮಾತ್ರ ಎಚ್ಚರ. ಕೀಪ್ಯಾಡ್ ಫೋನಿನ ಹಿರಿಯರಿಗೆ ಈ ಕಾರ್ಡು ಕೊಡುವುದಾದರೆ, ಮೊದಲ ದಿನ ನೀವೇ ನಿಲ್ದಾಣದ ಯಂತ್ರಕ್ಕೆ ಹಿಡಿದು ಹಣ ಬರೆಸಿಕೊಡಿ. ಆಮೇಲೆ ಗೇಟಿಗೆ ಅವರೇ ಹಿಡಿಯಲಿ.