ಒಂದೇ ಹುಳಿ ವೈನ್, ಎರಡು ದಾರಿ: ಶಾಂಪೇನ್ ಮತ್ತು ಬ್ರಾಂದಿ

ನಮ್ಮ ಊರುಗಳಲ್ಲಿ ಮದ್ಯದಂಗಡಿಗೆ ‘ಬ್ರಾಂದಿ ಅಂಗಡಿ’ ಎನ್ನುವವರು ಇಂದಿಗೂ ಇದ್ದಾರೆ. ಒಳಗೆ ವಿಸ್ಕಿ ಮಾರಲಿ, ರಮ್ ಮಾರಲಿ, ಕೆಟ್ಟ ಹೆಸರು ಮಾತ್ರ ಬ್ರಾಂದಿಗೆ. ಶಾಂಪೇನ್‌ನ ಹಣೆಬರಹ ಬೇರೆ. ಅದು ಪಂದ್ಯ ಗೆದ್ದವರು ಒಬ್ಬರ ಮೇಲೊಬ್ಬರು ಎರಚಿಕೊಳ್ಳುವ ನೊರೆ. ಕಂಪನಿ ಪಾರ್ಟಿಗಳಲ್ಲಿ ‘ಇದರಲ್ಲಿ ಏನೂ ಇಲ್ಲ ಮಾರಾಯ್ರೆ, ಜ್ಯೂಸ್ ಇದ್ದ ಹಾಗೆ’ ಎಂದು ಕೈಗೆ ಕೊಡುವ ಗ್ಲಾಸು.

ನಿಜವಾಗಿ ನೋಡಿದರೆ ಇವೆರಡೂ ದಾಯಾದಿಗಳು. ಎಲ್‌ವಿಎಂಎಚ್ ಎಂಬ ಫ್ರೆಂಚ್ ಕಂಪನಿಯ ಹೆಸರಿನಲ್ಲೇ ಆ ನಂಟಿದೆ. ಅದರಲ್ಲಿನ ‘ಎಂ’ ಅಂದರೆ 1743ರಲ್ಲಿ ಶುರುವಾದ ಶಾಂಪೇನ್ ತಯಾರಕ ಮೊಯೆಟ್. ‘ಎಚ್’ ಅಂದರೆ 1765ರಲ್ಲಿ ಶುರುವಾದ ಬ್ರಾಂದಿ ತಯಾರಕ ಹೆನ್ನೆಸಿ. ಇವೆರಡೂ 1971ರಲ್ಲಿ ಒಂದಾದವು. ಹಾಗಾದರೆ ಒಂದೇ ಹಣ್ಣಿನಿಂದ ಇಷ್ಟು ಬೇರೆ ಬೇರೆ ಪಾನೀಯಗಳು ಹುಟ್ಟುವುದು ಹೇಗೆ?

ಆರಂಭ ಒಂದೇ

ಶಾಂಪೇನ್ ಪ್ರದೇಶ ಪ್ಯಾರಿಸ್‌ನ ಪೂರ್ವಕ್ಕಿದೆ, ಚಳಿಯ ಸೀಮೆ. ಬ್ರಾಂದಿಗಳಲ್ಲೇ ಹೆಸರಾದ ಕೊನ್ಯಾಕ್ ತಯಾರಾಗುವುದು ನೈರುತ್ಯ ಫ್ರಾನ್ಸಿನಲ್ಲಿ, ಬೋರ್ಡೋ ನಗರದ ಉತ್ತರಕ್ಕೆ. ಎರಡೂ ಕಡೆ ಒಳ್ಳೆಯ ತೋಟಗಳಿರುವುದು ಸುಣ್ಣದ ಅಂಶವಿರುವ ಬಿಳಿ ಮಣ್ಣಿನಲ್ಲಿ. ಶಾಂಪೇನ್‌ಗೆ ಮುಖ್ಯವಾಗಿ ಶಾರ್ಡೊನೆ, ಪಿನೋ ನ್ವಾರ್, ಮ್ಯೂನಿಯೆ ಎಂಬ ಮೂರು ತಳಿಗಳು. ಕೊನ್ಯಾಕ್‌ಗೆ ಹೆಚ್ಚಾಗಿ ಉನ್ಯಿ ಬ್ಲಾಂ.

ಎರಡೂ ಕಡೆ ಮೊದಲು ಸಿಗುವ ವೈನ್ ತೆಳ್ಳಗೆ, ಹುಳಿಹುಳಿಯಾಗಿರುತ್ತದೆ. ಕುಡಿದರೆ ಮುಖ ಕಿವುಚಬೇಕು. ಆಲ್ಕೋಹಾಲ್ ಕೂಡ ಹೆಚ್ಚಿರುವುದಿಲ್ಲ, ಶೇ. 9ರಿಂದ 11ರ ಆಸುಪಾಸು. ಅವರಿಗೆ ಬೇಕಾಗಿರುವುದೂ ಇದೇ. ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಇಟ್ಟರೂ ಶಾಂಪೇನ್ ತಾಜಾ ಅನ್ನಿಸಲು ಹುಳಿ ಬೇಕು. ಕೊನ್ಯಾಕ್‌ನ ವೈನ್ ಕೆಡದಿರಲು ಗಂಧಕದ ರಾಸಾಯನಿಕ ಹಾಕುವಂತಿಲ್ಲ, ಭಟ್ಟಿ ಇಳಿಸಿದಾಗ ಅದರ ವಾಸನೆಯೂ ಜೊತೆಗೇ ಬರುತ್ತದೆ. ಹಾಗಾಗಿ ಅಲ್ಲಿಯವರೆಗೆ ವೈನನ್ನು ಕಾಯುವುದು ಹುಳಿಯೇ. ಮುಂದೆ ದಾರಿ ಕವಲೊಡೆಯುತ್ತದೆ.

ಗಾಳಿಯನ್ನು ಕಟ್ಟಿಹಾಕುವ ದಾರಿ

ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬಿ ಪಾತ್ರೆಯ ಮುಚ್ಚಳ ಎತ್ತುವುದನ್ನು ನೋಡದವರಿಲ್ಲ. ಹುದುಗು ಬಂದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಮಾಡುವ ಕೆಲಸ ಅದು. ಸಾಮಾನ್ಯ ವೈನ್ ತಯಾರಿಕೆಯಲ್ಲಿ ಈ ಗಾಳಿ ಹೊರಗೆ ಹೋಗುತ್ತದೆ. ಶಾಂಪೇನ್‌ನಲ್ಲಿ ಅದನ್ನು ಬೇಕೆಂದೇ ಹಿಡಿದಿಡುತ್ತಾರೆ.

ಸಿದ್ಧವಾದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ, ದಪ್ಪ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಒಳಗೆ ಎರಡನೇ ಸಲ ಹುದುಗು ಬರುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ವೈನಿನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಐದಾರು ವಾತಾವರಣದಷ್ಟು, ಅಂದರೆ ಕಾರಿನ ಟೈರಿನಲ್ಲಿರುವುದರ ಎರಡು ಪಟ್ಟಿಗಿಂತ ಹೆಚ್ಚು. ಕಾರ್ಕ್‌ಗೆ ತಂತಿಯ ಪಂಜರ ಕಟ್ಟುವುದು ಅಲಂಕಾರಕ್ಕಲ್ಲ.

ಕೆಲಸ ಮುಗಿಸಿದ ಯೀಸ್ಟ್ ಸತ್ತು ತಳದಲ್ಲಿ ಗಸಿಯಾಗಿ ಕೂರುತ್ತದೆ. ಬ್ರೆಡ್ಡಿನ, ಹುರಿದ ಬಾದಾಮಿಯ ಪರಿಮಳ ಬರುವುದು ಈ ಗಸಿಯಿಂದಲೇ. ಸಾಮಾನ್ಯ ಶಾಂಪೇನ್ ಕೂಡ ಬಾಟಲಿಯಲ್ಲಿ ಕನಿಷ್ಠ 15 ತಿಂಗಳು ಕಳೆಯಬೇಕೆಂಬ ನಿಯಮವಿದೆ. ಆಮೇಲೆ ಬಾಟಲಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ತಲೆಕೆಳಗು ಮಾಡಿ, ಗಸಿಯನ್ನು ಕುತ್ತಿಗೆಗೆ ಇಳಿಸಿ, ಆ ಭಾಗವನ್ನಷ್ಟೇ ಹೆಪ್ಪುಗಟ್ಟಿಸುತ್ತಾರೆ. ಮುಚ್ಚಳ ತೆಗೆದರೆ ಗಸಿಯ ಬಿಲ್ಲೆ ತಾನಾಗಿ ಹಾರಿಹೋಗುತ್ತದೆ. ಖಾಲಿಯಾದಷ್ಟು ಜಾಗಕ್ಕೆ ವೈನ್ ಮತ್ತು ಒಂದಿಷ್ಟು ಸಕ್ಕರೆ ಸೇರಿಸಿ ಕಾರ್ಕ್ ಹಾಕುತ್ತಾರೆ. ಲೇಬಲ್ ಮೇಲೆ ‘ಬ್ರೂಟ್’ ಎಂದಿದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಎಂದರ್ಥ.

ಗುಳ್ಳೆ ಬರುವ ಎಲ್ಲ ವೈನೂ ಇಷ್ಟು ಕಷ್ಟಪಡುವುದಿಲ್ಲ. ಇಟಲಿಯ ಪ್ರೊಸೆಕ್ಕೊಗೆ ಸಾಮಾನ್ಯವಾಗಿ ಎರಡನೇ ಹುದುಗು ಬರುವುದು ದೊಡ್ಡ ಉಕ್ಕಿನ ತೊಟ್ಟಿಯಲ್ಲಿ. ಹಾಗಾಗಿ ಅದು ಅಗ್ಗ, ಹಣ್ಣಿನ ರುಚಿಯೂ ಎದ್ದು ಕಾಣುತ್ತದೆ.

ಸಾರವನ್ನು ಇಳಿಸುವ ದಾರಿ

ಬ್ರಾಂದಿ ಎಂಬ ಪದದ ಮೂಲ ಡಚ್ ಭಾಷೆಯಲ್ಲಿದೆ. ‘ಸುಟ್ಟ ವೈನ್’ ಎಂದು ಅದರ ಅರ್ಥ. ನೀರಿಗಿಂತ ಆಲ್ಕೋಹಾಲ್ ಬೇಗ, ಅಂದರೆ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ವೈನನ್ನು ಕಾಯಿಸಿ, ಏಳುವ ಆವಿಯನ್ನು ತಣಿಸಿ ಹಿಡಿದರೆ ಕಡು ಸಾರ ಸಿಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದಿಂದ ಹನಿ ತೊಟ್ಟಿಕ್ಕುವ ಲೆಕ್ಕವೇ ಇದು.

ಕೊನ್ಯಾಕ್‌ನಲ್ಲಿ ತಾಮ್ರದ ಭಟ್ಟಿಯಲ್ಲಿ ಎರಡು ಸಲ ಇಳಿಸುತ್ತಾರೆ. ಮೊದಲ ಸಲ ಸುಮಾರು ಶೇ. 30 ಆಲ್ಕೋಹಾಲ್, ಎರಡನೇ ಸಲ ಶೇ. 70ರಷ್ಟು. ಮೊದಲಿಗೆ ಬರುವ ಘಾಟನ್ನೂ ಕೊನೆಗೆ ಬರುವ ಮಂಕು ದ್ರವವನ್ನೂ ಬೇರೆ ಮಾಡಿ, ನಡುವಿನ ‘ಹೃದಯ’ ಭಾಗವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಒಂದು ಲೀಟರ್ ಸಾರಕ್ಕೆ ಸುಮಾರು ಒಂಬತ್ತು ಲೀಟರ್ ವೈನ್ ಬೇಕು.

ಆಗ ಕೈಗೆ ಬರುವುದು ನೀರಿನಂತೆ ಬಣ್ಣವಿಲ್ಲದ ದ್ರವ. ಚಿನ್ನದ ಬಣ್ಣ, ವೆನಿಲ್ಲಾ ಮತ್ತು ಮಸಾಲೆಯ ಪರಿಮಳ ಎಲ್ಲ ಬರುವುದು ಓಕ್ ಮರದ ಪೀಪಾಯಿಯಿಂದ. ‘ವಿಎಸ್’ ಎಂದರೆ ಕನಿಷ್ಠ 2 ವರ್ಷ, ‘ವಿಎಸ್‌ಒಪಿ’ ಎಂದರೆ 4, ‘ಎಕ್ಸ್‌ಒ’ ಎಂದರೆ 2018ರಿಂದ 10 ವರ್ಷ. ಮರ ಉಸಿರಾಡುವುದರಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗಿ ಹೋಗುತ್ತದೆ. ಅಲ್ಲಿನವರು ಇದನ್ನು ‘ದೇವದೂತರ ಪಾಲು’ ಎನ್ನುತ್ತಾರೆ. ಆ ಆವಿಯನ್ನೇ ಉಂಡು ಬೆಳೆಯುವ ಶಿಲೀಂಧ್ರದಿಂದ ಕೊನ್ಯಾಕ್ ಊರಿನ ಗೋಡೆಗಳು ಕಪ್ಪಾಗಿವೆ.

ಇಲ್ಲೇ ಇಬ್ಬರ ಸ್ವಭಾವ ಬೇರೆಯಾಗುವುದು. ಶಾಂಪೇನ್ ಮಾಗುವುದು ಗಾಳಿಯಾಡದ ಬಾಟಲಿಯಲ್ಲಿ, ಬ್ರಾಂದಿ ಮಾಗುವುದು ಗಾಳಿಯಾಡುವ ಪೀಪಾಯಿಯಲ್ಲಿ. ತೆರೆದ ಶಾಂಪೇನ್ ಒಂದೆರಡು ದಿನದಲ್ಲಿ ಸಪ್ಪೆ. ತೆರೆದ ಬ್ರಾಂದಿ ತಿಂಗಳುಗಟ್ಟಲೆ ಇರುತ್ತದೆ. ಬ್ರಾಂದಿ ಬಾಟಲಿಯೊಳಗೆ ಮಾಗುವುದಿಲ್ಲ. ಬೀರುವಿನಲ್ಲಿ ಇಪ್ಪತ್ತು ವರ್ಷ ಇಟ್ಟರೂ 4 ವರ್ಷದ್ದು 4 ವರ್ಷದ್ದೇ.

ನಮ್ಮ ನೆಲದಲ್ಲಿ

ನಂದಿ ಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ಅವರು ವೈನ್ ದ್ರಾಕ್ಷಿ ಬೆಳೆಯಲು ಹೊರಟಾಗ ಜೊತೆಯಾದ ಜಾರ್ಜ್ ವೆಸೆಲ್ ಶಾಂಪೇನ್ ಪ್ರದೇಶದವರೇ. ಪುಣೆ, ಮುಂಬೈಯಲ್ಲಿರುವ ನಮಗೆ ಹತ್ತಿರದ ನಾಶಿಕ್‌ನಲ್ಲಿ ಹಲವರು ಸ್ಪಾರ್ಕ್ಲಿಂಗ್ ವೈನ್ ಮಾಡುತ್ತಾರೆ. ಮೊಯೆಟ್ ಹೆನ್ನೆಸಿಯ ಶಾಂಡೋನ್ ಕೂಡ 2013ರಲ್ಲಿ ಅಲ್ಲಿನ ದಿಂಡೋರಿಗೆ ಬಂತು. ವಿಧಾನ ಒಂದೇ ಆದರೂ ಇವು ಶಾಂಪೇನ್ ಅಲ್ಲ, ಆ ಹೆಸರು ಆ ನೆಲಕ್ಕೇ ಮೀಸಲು.

ಬ್ರಾಂದಿ ವಿಷಯದಲ್ಲಿ ಲೇಬಲ್ ಓದುವುದು ಇನ್ನೂ ಮುಖ್ಯ. ನಮ್ಮಲ್ಲಿ ಆ ಹೆಸರಿನಲ್ಲಿ ಬಿಕರಿಯಾಗುವ ಅಗ್ಗದ ಬಾಟಲಿಗಳಲ್ಲಿ ಹೆಚ್ಚಿನವುಗಳ ಮೂಲ ದ್ರಾಕ್ಷಿಯಲ್ಲ. ಕಬ್ಬಿನ ಕಾಕಂಬಿ ಅಥವಾ ಧಾನ್ಯದ ಸ್ಪಿರಿಟ್‌ಗೆ ಬಣ್ಣ, ಪರಿಮಳ, ಒಂದಿಷ್ಟು ದ್ರಾಕ್ಷಿ ಸಾರ ಬೆರೆಸಿದ್ದು. ದ್ರಾಕ್ಷಿಯಿಂದಲೇ ಮಾಡಿದ್ದಾದರೆ ಲೇಬಲ್ ಅದನ್ನು ಸಾಮಾನ್ಯವಾಗಿ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ.

ಗ್ಲಾಸಿನ ಲೆಕ್ಕ

ಈಗ ಆ ‘ಜ್ಯೂಸ್’ ಮಾತಿಗೆ ಬರೋಣ. ನಮ್ಮ ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು 13 ಮಿ.ಲೀ. ಶುದ್ಧ ಆಲ್ಕೋಹಾಲ್ ಆಯಿತು. ಶೇ. 12ರ ಸ್ಪಾರ್ಕ್ಲಿಂಗ್ ವೈನ್ 150 ಮಿ.ಲೀ. ಗ್ಲಾಸಿನಲ್ಲಿ 18 ಮಿ.ಲೀ. ಇದೆ. ಅಂದರೆ ‘ಏನೂ ಇಲ್ಲದ’ ಗ್ಲಾಸು ಒಂದು ಸಣ್ಣ ಪೆಗ್ಗಿಗಿಂತ ಹೆಚ್ಚು. ಗುಳ್ಳೆಗಳಿದ್ದಾಗ ಆಲ್ಕೋಹಾಲ್ ರಕ್ತಕ್ಕೆ ಬೇಗ ಸೇರುತ್ತದೆ ಎಂದು ಕೆಲವು ಪ್ರಯೋಗಗಳು ತೋರಿಸಿವೆ. ಎರಡು ಗ್ಲಾಸು ಕುಡಿದು ಗಾಡಿಯ ಕೀಲಿ ತೆಗೆಯುವವರು ಇದನ್ನು ನೆನಪಿಡಬೇಕು.

ಇದರ ಇನ್ನೊಂದು ಮಗ್ಗುಲು, ಬ್ರಾಂದಿ ಔಷಧ ಎಂಬ ನಂಬಿಕೆ. ನೆಗಡಿಯಾದ ಮಗುವಿಗೆ ಒಂದು ಚಮಚ, ಬಾಣಂತಿಗೆ ಒಂದು ಗುಟುಕು ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಕುಡಿದಾಗ ಮೈ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ವಾಸ್ತವದಲ್ಲಿ ದೇಹ ಒಳಗಿನ ಶಾಖ ಕಳೆದುಕೊಳ್ಳುತ್ತಿರುತ್ತದೆ. ತಾಯಿ ಕುಡಿದದ್ದು ಎದೆಹಾಲಿಗೂ ಹೋಗುತ್ತದೆ. ಮಕ್ಕಳಿಗಂತೂ ಒಂದು ಹನಿಯೂ ಬೇಡ.

ಒಂದು ಮೈಲಿಗೆಯಲ್ಲ, ಇನ್ನೊಂದು ಜ್ಯೂಸೂ ಅಲ್ಲ. ಕುಡಿಯದವರು ಕುಡಿಯಲು ಶುರು ಮಾಡಲಿ ಎಂದು ಇದನ್ನು ಬರೆದದ್ದಲ್ಲ. ಕುಡಿಯುವವರು ಮಾತ್ರ ಗ್ಲಾಸಿನ ಆಕಾರ ನೋಡಿ ತೀರ್ಮಾನಿಸದೆ, ಬಾಟಲಿಯ ಲೇಬಲ್ ತಿರುಗಿಸಿ ಓದಲಿ.